ಮಧುಮಾಲತಿಯ ಮರೆ

ಸಪ್ತಾಪುರದ ಆ ಓಣಿಯಲ್ಲಿ ಬೆಳಗಿನ ಹೊತ್ತು ಎರಡು ಸದ್ದು ತಪ್ಪುತ್ತಿರಲಿಲ್ಲ. ಬಾಡಿಗೆ ರೂಮಿನ ಹುಡುಗರು ಕ್ಲಾಸಿಗೆ ಹೊರಡುವ ಗಡಿಬಿಡಿಯಲ್ಲಿ ಬೈಕು ಶುರು ಮಾಡುವುದು ಒಂದು. ಬಾಳವ್ವ ತನ್ನ ಗೇಟಿಗೆ ಮೊಣಕೈ ಊರಿ ನಿಂತು ಹೋಗಿಬರುವವರನ್ನು ಮಾತಾಡಿಸುವುದು ಇನ್ನೊಂದು. ಕಾಯಿಪಲ್ಲೆಯವಳಿಂದ ಹಿಡಿದು ನಿವೃತ್ತ ಪ್ರೊಫೆಸರರವರೆಗೆ ಯಾರೂ ಆ ಗೇಟನ್ನು ಸುಮ್ಮನೆ ದಾಟುವಂತಿರಲಿಲ್ಲ. "ಏನ್ರಿ, ಬಸುರಿ ಮಗಳ ಕುಬಸ ಛಂದ ಆತೇನ್ರಿ?" "ಯಾಕ ತಮ್ಮಾ, ನಿನ್ನಿ ಕೆಮ್ಮಾಕತ್ತಿದ್ದಿ, ಕಷಾಯ ಕುಡದ್ಯೋ ಇಲ್ಲೋ?" ಕೇಳುವುದರಲ್ಲಿ ಕೊಂಕಿರಲಿಲ್ಲ. ಕೇಳಿದ ಮೇಲೆ ತನ್ನ ಮನೆಯ ಸುದ್ದಿಯನ್ನೂ ಅಷ್ಟೇ ಧಾರಾಳವಾಗಿ ಹೇಳಿಬಿಡುತ್ತಿದ್ದಳು.

ಆಕೆಯ ತವರು ಅಮ್ಮಿನಬಾವಿ. ಇಪ್ಪತ್ತು ಮಂದಿ ಒಂದೇ ಒಲೆಯ ಅಡುಗೆ ಉಣ್ಣುವ, ಹಗಲಿಡೀ ಬಾಗಿಲು ಹಾಕದ ಮನೆ. ಮದುವೆಯಾಗಿ ಧಾರವಾಡಕ್ಕೆ ಬಂದ ಮೇಲೆ ಬಾಳವ್ವ ಈ ಓಣಿಯನ್ನೇ ಅಂಥದೊಂದು ಮನೆ ಮಾಡಿಕೊಂಡಳು. ಗಂಡ ಎದೆನೋವೆಂದು ಕುಂತವನು ಮತ್ತೆ ಏಳದೇ ಹೋದಾಗ ಅವಳನ್ನು ಎತ್ತಿ ನಿಲ್ಲಿಸಿದ್ದು ಈ ಓಣಿಯೇ. ಎದುರುಮನೆಯ ಹುಸೇನಬಿ ತಿಂಗಳು ತುಂಬುವವರೆಗೂ ರೊಟ್ಟಿಯ ಬುಟ್ಟಿ ಕಳಿಸಿದ್ದಳು. ಅವಳ ಗಂಡ ಮಕಬೂಲಸಾಬ ಪೆನ್ಷನ್ ಕಚೇರಿಗೆ ತಾನೇ ಅಲೆದಿದ್ದ. ಹೇಳಿಕೊಂಡವರು ಬದುಕುತ್ತಾರೆ, ನುಂಗಿಕೊಂಡವರು ಒಳಗೊಳಗೇ ಕೊಳೆಯುತ್ತಾರೆ ಎಂಬುದು ಬಾಳವ್ವನ ಪಾಲಿಗೆ ಅನುಭವದ ಮಾತು.

ಏಪ್ರಿಲಿನ ಒಂದು ಮುಂಜಾನೆ ವರಾಂಡದ ಗ್ರಿಲ್ಲಿಗೆ ಹಬ್ಬಿದ ಮಧುಮಾಲತಿ ಬಳ್ಳಿಗೆ ನೀರು ಹಾಕುವಾಗ ಎಲೆಗಳ ನಡುವಿನಿಂದ ಒಂದು ಹಕ್ಕಿ ಪುರ್ರನೆ ಎದ್ದುಹೋಯಿತು. ತಲೆಯ ಮೇಲೆ ಕಪ್ಪು ಜುಟ್ಟು, ಬಾಲದ ಬುಡದಲ್ಲಿ ಕೆಂಪು ಬೊಟ್ಟು. ಪಿಕಳಾರ. ಬಾಳವ್ವ ಎಲೆ ಸರಿಸಿ ನೋಡಿದಳು. ಕಡ್ಡಿ, ನಾರು, ಯಾರದೋ ತಲೆಗೂದಲು ಸೇರಿಸಿ ನೇಯ್ದ ಬಟ್ಟಲಿನಂಥ ಗೂಡು; ಅದರಲ್ಲಿ ಗುಲಾಬಿ ಬಣ್ಣಕ್ಕೆ ಕೆಂಪು ಚುಕ್ಕೆ ಸಿಡಿಸಿದಂಥ ಮೂರು ಮೊಟ್ಟೆ.

"ಹುಸೇನಬಿ! ಏ ಹುಸೇನಬಿ! ಲಗೂನ ಬಾರವಾ!"

ಹುಸೇನಬಿ ಹಿಟ್ಟಿನ ಕೈಯಲ್ಲೇ ಓಡಿಬಂದಳು. ನೋಡಿ ಮುಖ ಅರಳಿಸಿದಳು. "ಬುಲ್‌ಬುಲ್ ಅದು ಅಕ್ಕಾರ. ಮನಿ ಮುಂದ ಬಂದು ಗೂಡು ಕಟ್ಟೈತಿ ಅಂದ್ರ ಮನಿಗಿ ಬರಕತ್ತು."

ಮಧ್ಯಾಹ್ನದೊಳಗೆ ಓಣಿಯ ಅರ್ಧ ಮಂದಿ ಬಂದು ನೋಡಿ ಹೋದರು. ಉಳಿದರ್ಧಕ್ಕೆ ಮೊಬೈಲಿನಲ್ಲಿ ಫೋಟೋ ಹೋಯಿತು.

ಸಂಜೆ ಸೊಸೆ ಆರತಿ ಕೆಲಸದಿಂದ ಬಂದಳು. ಕಾಲೇಜೊಂದರ ಗ್ರಂಥಾಲಯದಲ್ಲಿ ಅವಳಿಗೆ ನೌಕರಿ. ಗಂಡ ಶಂಭುಲಿಂಗ ತಾರಿಹಾಳದ ಸಣ್ಣ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್. ಬಾಳವ್ವ ಅವಳ ಕೈ ಹಿಡಿದು ಬಳ್ಳಿಯ ಬಳಿ ಕರೆದೊಯ್ದಳು. ಆರತಿ ದೂರದಿಂದಲೇ ನೋಡಿ ಮೆಲ್ಲಗೆ ಹೇಳಿದಳು:

"ಅತ್ತಿ, ದಿನಾ ಇಷ್ಟು ಮಂದೀನ ಕರದು ತೋರಿಸಬ್ಯಾಡ್ರಿ. ಅಂಜಿ ಬಿಟ್ಟು ಹೋಗ್ತೈತಿ ಅದು."

"ಏ, ಎಲ್ಲಿ ಹೋಗ್ತೈತಿ? ನಾವೇನ್ ಕಲ್ಲು ಒಗಿತೇವೇನು? ಛಲೋ ಸುದ್ದಿ ನಾಕು ಮಂದಿಗಿ ಹೇಳಬೇಕವಾ. ಮುಚ್ಚಿಟ್ಕೊಂಡು ಏನ್ ಮಾಡೂದು?"

ಆರತಿ ಒಳಗೆ ಹೋದಳು. ಅವಳು ಮೊದಲಿನಿಂದಲೂ ಮಿತಭಾಷಿ. ಈಚೆಗೆ ಇನ್ನೂ ಸುಮ್ಮನಾಗಿದ್ದಳು.

ಮೊಟ್ಟೆಯೊಡೆದು ಮರಿಗಳಾದ ಮೇಲಂತೂ ವರಾಂಡಕ್ಕೆ ಬಿಡುವಿರಲಿಲ್ಲ. ಮೈಮೇಲೆ ಒಂದು ಎಳೆ ತುಪ್ಪಳವಿಲ್ಲದೆ, ಕಣ್ಣು ತೆರೆಯದೆ, ಕುತ್ತಿಗೆಗಿಂತ ದೊಡ್ಡದಾದ ಬಾಯಿ ಮಾತ್ರ ತೆರೆಯುವ ಆ ಮೂರು ಜೀವಗಳನ್ನು ನೋಡಲು ಹಿಂದಿನ ಓಣಿಯಿಂದಲೂ ಬಂದರು. ಬಂದವರಿಗೆ ಚಹಾ ಆಗಬೇಕು, ಚಹಾದ ಜೊತೆ ಮಾತಾಗಬೇಕು. ಆ ಮಾತು ಗೂಡಿನಿಂದ ಶುರುವಾಗಿ ಬಹಳ ಸಲ ಆರತಿಯ ಹತ್ತಿರ ಬಂದು ನಿಲ್ಲುತ್ತಿತ್ತು.

"ಹಕ್ಕಿ ಸೈತ ಬಂದು ನಿಮ್ಮ ಮನ್ಯಾಗ ಬಾಣಂತನಾ ಮಾಡ್ಕೊಂತು. ಇನ್ನ ಸೊಸಿದು ಯಾವಾಗ ಬಾಳವ್ವಾರ?"

"ನಡದೈತ್ರಿ ಔಷಧಾ. ಹುಬ್ಬಳ್ಳಿ ಲೇಡಿ ಡಾಕ್ಟರ್ ಬದಲಿ ಗುಳಗಿ ಕೊಟ್ಟಾರ. ಆರು ವರ್ಷಾತು ಮದುವ್ಯಾಗಿ, ದೇವರು ಕಣ್ಣು ತೆರಿಬೇಕು," ಎಂದು ಬಾಳವ್ವ ನಿಟ್ಟುಸಿರು ಬಿಡುವಳು. ಕೇಳಿದವರು ಒಬ್ಬೊಬ್ಬರು ಒಂದೊಂದು ಹೇಳುವರು. ಒಬ್ಬರಿಗೆ ಗದಗಿನ ನಾಟಿ ವೈದ್ಯ ಗೊತ್ತು, ಇನ್ನೊಬ್ಬರಿಗೆ ಹರಕೆ ಹೊತ್ತರೆ ತಪ್ಪದ ಗುಡಿ ಗೊತ್ತು. ಎಲ್ಲರದೂ ಒಳ್ಳೆಯ ಮನಸ್ಸೇ. ಹೋಗುವಾಗ ಆರತಿ ಕಣ್ಣಿಗೆ ಬಿದ್ದರೆ ಒಂದು ಸಲ ಅವಳ ಮುಖ, ಒಂದು ಸಲ ಅವಳ ಹೊಟ್ಟೆ ನೋಡಿ, "ಚಿಂತಿ ಮಾಡಬ್ಯಾಡವಾ," ಎಂದು ಭುಜ ತಟ್ಟುವರು. ಆರತಿ ನಕ್ಕು ಒಳಗೆ ಹೋಗುವಳು.

ಸೋಮವಾರ ಸಂಜೆ ಅಕ್ಕನ ಬಳಗದ ಹೆಂಗಸರು ವಚನ ಓದಲು ಬಾಳವ್ವನ ಮನೆಗೆ ಬರುವವರಿದ್ದರು. ಎಲ್ಲರಿಗೂ ಒಮ್ಮೆಲೇ ಕಾಣಲೆಂದು ಆಕೆ ಗೂಡಿನ ಮುಂದಿನ ಬಳ್ಳಿಯ ಎಳೆಗಳನ್ನು ಒಟ್ಟುಮಾಡಿ, ಪರದೆ ಸರಿಸಿ ಕಟ್ಟಿದ ಹಾಗೆ, ಹೂ ಕಟ್ಟುವ ದಾರದಿಂದ ಗ್ರಿಲ್ಲಿಗೆ ಬಿಗಿದಳು. ಈಗ ಗೂಡು ರಸ್ತೆಗೂ ಕಾಣುವಂತಾಯಿತು. ಹೆಂಗಸರು ಗುಂಪುಗೂಡಿ ಮೊಬೈಲು ಎತ್ತಿದರು. ಎದುರಿನ ವಿದ್ಯುತ್ ತಂತಿಯ ಮೇಲೆ ತಾಯಿ ಹಕ್ಕಿ ಕೊಕ್ಕಿನಲ್ಲಿ ಹುಳ ಹಿಡಿದುಕೊಂಡೇ ಅತ್ತಿಂದಿತ್ತ ಜಿಗಿಯುತ್ತಿತ್ತು. ಜೊತೆಯ ಗಂಡು ಜುಟ್ಟು ನಿಮಿರಿಸಿ ಒಂದೇ ಸಮನೆ ಕೂಗುತ್ತಿತ್ತು.

"ಅಯ್ಯ, ನೋಡ್ರಿ ಹೆಂಗ ಹಾಡಾಕತ್ತೈತಿ!" ಎಂದಳು ಒಬ್ಬಾಕೆ.

ಬಾಗಿಲಲ್ಲಿ ಚಹಾದ ತಟ್ಟೆ ಹಿಡಿದು ನಿಂತಿದ್ದ ಆರತಿಯ ದನಿ ಎಂದಿಗಿಂತ ಗಟ್ಟಿಯಾಗಿ ಬಂತು. "ಅದು ಹಾಡಾಕತ್ತಿಲ್ರಿ. ಅಂಜಿ ಒದರಾಕತ್ತೈತಿ."

 "ನಡೀರಿ, ವಚನಕ್ಕ ಹೊತ್ತಾತು," ಎಂದು ಬಾಳವ್ವ ಎಲ್ಲರನ್ನೂ ಒಳಗೆ ಕರೆದಳು. ಮಂದಿಯ ಮುಂದೆ ಸೊಸೆ ಹಾಗೆ ಮಾತಾಡಿದ್ದು ಅವಳಿಗೆ ಸರಿಬರಲಿಲ್ಲ. ಆ ಬೇಸರದಲ್ಲಿ ದಾರ ಬಿಚ್ಚುವುದು ಮರೆತೇಹೋಯಿತು.

ಮರುದಿನ ಬೆಳಿಗ್ಗೆ ಬಾಳವ್ವ ಎಂದಿನಂತೆ ಗೇಟಿನಲ್ಲಿ ಮಾತಾಡುತ್ತ ನಿಂತಿದ್ದಳು. ಬೆನ್ನ ಹಿಂದೆ ಹಕ್ಕಿಗಳು ಚೀರಿದ್ದು ಕೇಳಿ ತಿರುಗಿದಾಗ ಗ್ರಿಲ್ಲಿನ ಮೇಲೆ ಕಾಗೆ ಕುಳಿತಿತ್ತು. ಅದರ ಕೊಕ್ಕಿನಲ್ಲಿ ಒಂದು ಮರಿ ಒದ್ದಾಡುತ್ತಿತ್ತು. ಬಾಳವ್ವ ಕಸಬರಿಗೆ ಹಿಡಿದು ಓಡಿದಳು. ಕಾಗೆ ಹಾರಿತು. ಗೂಡಿನಲ್ಲಿ ಇಣುಕಿದರೆ ಒಂದೇ ಮರಿ ಇತ್ತು. ಇನ್ನೊಂದನ್ನು ಅದು ಮೊದಲೇ ಒಯ್ದಿತ್ತು; ಮಾತಿನ ಭರದಲ್ಲಿ ಆಕೆಗೆ ಕೇಳಿಸಿರಲಿಲ್ಲ.

ಬಿಗಿದ ದಾರದ ಗಂಟು ಬಿಚ್ಚಲು ಬರಲಿಲ್ಲ. ಹಲ್ಲಿನಿಂದ ಕಡಿದಳು. ಬಳ್ಳಿಯ ಎಳೆಗಳು ಮೆಲ್ಲಗೆ ಜಾರಿ ತಮ್ಮ ಜಾಗಕ್ಕೆ ಬಂದವು. ಅಷ್ಟರಲ್ಲಿ ಗಲಾಟೆ ಕೇಳಿ ಹುಸೇನಬಿ ಬಂದಳು, ಹಿಂದೆ ಇನ್ನಿಬ್ಬರು ಬಂದರು. "ಏನಾತ್ರಿ? ನೋಡೋಣು, ಎಷ್ಟು ಉಳದಾವು?"

"ಬ್ಯಾಡ್ರಿ," ಎಂದಳು ಬಾಳವ್ವ, ಬಳ್ಳಿಗೆ ಅಡ್ಡ ನಿಂತು. "ಇವತ್ತಿಂದ ಯಾರೂ ನೋಡೂದು ಬ್ಯಾಡ. ಸಿಟ್ಟಾಗಬ್ಯಾಡ್ರಿ, ಇನ್ನ ಹೊರಡ್ರಿ."

ಹುಸೇನಬಿಗೆ ಅಚ್ಚರಿಯಾಯಿತು. ಬಂದವರಲ್ಲಿ ಒಬ್ಬಾಕೆ, "ಅಯ್ಯ, ಕರದು ಕರದು ತೋರಿಸಿದವರು ಅವರ, ಈಗ ನಾವ ಕಣ್ಣು ಹಚ್ಚಿದಂಗಾತು," ಎಂದು ಗೊಣಗುತ್ತ ಹೋದಳು. ಅದನ್ನೂ ಬಾಳವ್ವ ಕೇಳಿಸಿಕೊಂಡಳು. ಬಳ್ಳಿಯ ಮುಂದಿನಿಂದ ಕದಲಲಿಲ್ಲ.

ಉಳಿದ ಮರಿಯನ್ನು ತಾಯಿ ಒಪ್ಪಿಕೊಳ್ಳುತ್ತದೋ ಇಲ್ಲವೋ ಎಂಬ ಚಿಂತೆ ಹತ್ತಿತು. ಹತ್ತಿರ ಹೋಗುವಂತಿಲ್ಲ, ನೋಡದೇ ಇರಲೂ ಆಗದು. ಆಗ ನೆನಪಾಯಿತು: ಆರತಿಯ ಕೋಣೆಯ ಕಿಟಕಿ ಆ ಬಳ್ಳಿಯ ಬದಿಗೇ ಇದೆ.

ಅಂದು ಆರತಿ ರಜೆ ಹಾಕಿ ಮನೆಯಲ್ಲಿದ್ದಳು. ಬಾಳವ್ವ ಒಳಗೆ ಬಂದಾಗ, ಗಲಾಟೆಗೆ ಎಚ್ಚೆತ್ತಿದ್ದ ಅವಳು ಕಿಟಕಿಯ ಪರದೆಯನ್ನು ಎರಡು ಬೆರಳಿನಷ್ಟು ಸರಿಸಿ, ದೀಪ ಹಾಕದೆ, ಸ್ಟೂಲಿನ ಮೇಲೆ ಕೂತಿದ್ದಳು. ಅತ್ತೆಯನ್ನು ಕಂಡು ಸದ್ದು ಮಾಡದೆ ಪಕ್ಕಕ್ಕೆ ಸರಿದು ಜಾಗ ಕೊಟ್ಟಳು. ಬಾಳವ್ವ ಮಂಚದ ಅಂಚಿಗೆ ಕೂತು ನೋಡಿದಳು. ಅಲ್ಲಿಂದ ಗೂಡು ಎಲೆಗಳ ಸಂದಿಯಲ್ಲಿ ಅಂಗೈಯಷ್ಟು ಕಾಣುತ್ತಿತ್ತು. ಬಹಳ ಹೊತ್ತಿನ ಮೇಲೆ ತಾಯಿ ಹಕ್ಕಿ ಬಂತು. ಗ್ರಿಲ್ಲಿನ ಮೇಲೆ ಕೂತು ಅತ್ತಿತ್ತ ನೋಡಿ ಗೂಡಿನ ಅಂಚಿಗೆ ಇಳಿಯಿತು. ಕೊಕ್ಕಿನಲ್ಲಿದ್ದುದನ್ನು ಒಂದೇ ಒಂದು ತೆರೆದ ಬಾಯಿಗೆ ಇಟ್ಟಿತು. ಆಮೇಲೆ ಗೂಡಿನ ಖಾಲಿ ಜಾಗದಲ್ಲಿ ಕೊಕ್ಕು ತೂರಿಸಿ ಹುಡುಕಿತು. ಮತ್ತೊಮ್ಮೆ ಹುಡುಕಿತು.

ಬಾಳವ್ವನ ಕಣ್ಣು ತುಂಬಿತು. "ನೀ ಮೊದಲಿಂದ ಇಲ್ಲಿಂದ ನೋಡ್ತಿದ್ದ್ಯೇನು?" ಎಂದು ಪಿಸುಗುಟ್ಟಿದಳು.

"ಹೂಂರಿ. ಮೊದಲನೇ ಕಡ್ಡಿ ತಂದಾಗಿಂದ."

"ಮತ್ತ ನನಗ ಹೇಳಲೇ ಇಲ್ಲ?"

ಆರತಿ ಪರದೆಯ ಅಂಚನ್ನು ಸರಿಮಾಡಿದಳು. ಬಾಳವ್ವನಿಗೆ ಉತ್ತರ ಬೇಕಾಗಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡು, ತನ್ನನ್ನೇ ಸಮಾಧಾನ ಮಾಡಿಕೊಳ್ಳುವವಳಂತೆ ಅಂದಳು: "ಹೋಗ್ಲಿ ಬಿಡು. ಹಕ್ಕಿ ಅದು. ಹ್ವಾದ್ವು ಅನ್ನೂದರ ಅದಕ್ಕೇನು ತಿಳಿತೈತಿ."

"ತಿಳಿತೈತ್ರಿ ಅತ್ತಿ."

ಆ ದನಿಯಲ್ಲಿ ಏನೋ ಇತ್ತು. ಬಾಳವ್ವ ತಿರುಗಿ ನೋಡಿದಳು. ಆರತಿ ಕಿಟಕಿಯಿಂದ ಕಣ್ಣು ತೆಗೆದಿರಲಿಲ್ಲ.

"ಸಂಕ್ರಾಂತಿ ಮುಂದ ನನಗೂ ಒಂದು ಹೋತ್ರಿ. ಎರಡು ತಿಂಗಳದ್ದಿತ್ತು."

ಬಾಳವ್ವನಿಗೆ ಮೊದಲು ತಿಳಿಯಲೇ ಇಲ್ಲ. ಆಮೇಲೆ ಒಂದೊಂದೇ ನೆನಪಾಯಿತು. ಸಂಕ್ರಾಂತಿ ಸಮಯದಲ್ಲಿ ಆಕೆ ಅಮ್ಮಿನಬಾವಿಗೆ ಹೋಗಿದ್ದಳು. ತಿರುಗಿ ಬಂದಾಗ ಸೊಸೆ ಮನೆಯಲ್ಲಿರಲಿಲ್ಲ. ಬೆನ್ನುನೋವೆಂದು ತವರಿಗೆ ಹೋಗಿದ್ದಾಳೆಂದು ಶಂಭು ಹೇಳಿದ್ದ. ಹಬ್ಬದಾಗ ಮನಿ ಬಿಟ್ಟು ತವರು ಹಿಡದಾಳ ನೋಡ್ರಿ, ಈಗಿನ ಹುಡಿಗ್ಯಾರಿಗೆ ಬೆನ್ನೂ ಗಟ್ಟಿಲ್ಲ ಎಂದು ತಾನೇ ಗೇಟಿನಲ್ಲಿ ನಿಂತು ನಾಲ್ಕು ಮಂದಿಯ ಮುಂದೆ ಆಡಿದ್ದು ಈಗ ಕಿವಿಯಲ್ಲಿ ಮೊಳಗಿತು.

"ಶಂಭುಗ ಗೊತ್ತಿತ್ತು?"

"ಅವರಿಗಿ ಗೊತ್ತಿತ್ರಿ. ನಾನ ಹೇಳಬ್ಯಾಡ್ರಿ ಅಂದಿದ್ದೆ."

"ನನಗ್ಯಾಕ ಹೇಳಲಿಲ್ಲ ಆರತಿ? ನಾ ನಿನಗ ವೈರಿ ಏನು?" 

"ವೈರಿ ಅಲ್ರಿ." ಆರತಿ ಈಗ ಅತ್ತೆಯ ಕಡೆ ತಿರುಗಿದಳು. ಸಿಟ್ಟಿರಲಿಲ್ಲ, ಬಹಳ ದಿನ ಹೊತ್ತಿದ್ದನ್ನು ಇಳಿಸಿದವಳ ದಣಿವಿತ್ತು. "ಹೇಳಿದ್ರ ನೀವು ನನ್ನ ತೆಕ್ಕಿ ಬಡದು ಅಳತಿದ್ರಿ. ಗೊತ್ತೈತಿ. ನನಗೂ ಅದು ಬೇಕಾಗಿತ್ತು. ಆದ್ರ ಆಮ್ಯಾಲ ಹುಸೇನಬಿ ಕಾಕೂ ಮುಂದ ಅಳತಿದ್ರಿ. ಸಂಜಿ ಆಗೂದ್ರಾಗ ಓಣಿ ಮಂದಿ ನನ್ನ ನೋಡಾಕ ಬರ್ತಿದ್ರು. ಹಂಗ ಮಾಡಬೇಕಾಗಿತ್ತು, ಹಿಂಗ ಮಾಡಬೇಕಾಗಿತ್ತು ಅಂತಿದ್ರು. ಎಲ್ಲಾರಿಗೂ ನಾ ಮುಖಾ ಕೊಡಬೇಕಾಗಿತ್ತು. ನನಗ ಸುಮ್ಮನ ಮಲಗಬೇಕಾಗಿತ್ರಿ, ಅಷ್ಟ."

ಬಾಳವ್ವ ಅಲ್ಲವೆನ್ನಲು ಏನಾದರೂ ಸಿಗುತ್ತದೋ ಎಂದು ಹುಡುಕಿದಳು. ಸಿಗಲಿಲ್ಲ. ಸೊಸೆ ಹೇಳಿದ ಹಾಗೇ ತಾನು ಮಾಡುತ್ತಿದ್ದಳು, ಒಂದು ಅಕ್ಷರ ಆಚೀಚೆ ಆಗುತ್ತಿರಲಿಲ್ಲ. ಆಕೆ ಆರತಿಯ ಕೈ ತೆಗೆದುಕೊಂಡು ತನ್ನ ತೊಡೆಯ ಮೇಲಿಟ್ಟುಕೊಂಡಳು. ಇಬ್ಬರೂ ಹಾಗೆಯೇ ಕೂತರು. ಹೊರಗೆ ತಾಯಿ ಹಕ್ಕಿ ಮರಿಯ ಮೇಲೆ ರೆಕ್ಕೆ ಹರವಿ ಅಡಗಿ ಕುಳಿತಿತ್ತು.

ಅಂದಿನಿಂದ ಅತ್ತೆ ಸೊಸೆಯರಿಗೆ ಆ ಕಿಟಕಿಯೇ ಕೂಡುವ ಜಾಗವಾಯಿತು. ಆರತಿ ಕೆಲಸದಿಂದ ಬಂದೊಡನೆ, "ಉಂಡಿತೇನ್ರಿ?" ಎನ್ನುವಳು. "ಉಂಡೈತಿ. ಇವತ್ತು ಹಸರ ಹುಳ," ಎಂದು ಬಾಳವ್ವ ವರದಿ ಒಪ್ಪಿಸುವಳು. ಒಂದೇ ಉಳಿದದ್ದರಿಂದಲೋ ಏನೋ ಮರಿ ದುಂಡಗೆ ಬೆಳೆಯಿತು. ಮೈಗೆ ಗರಿ ಬಂತು, ನೆತ್ತಿಯಲ್ಲಿ ಜುಟ್ಟಿನ ಗುರುತು ಮೂಡಿತು. ಮೊಬೈಲಿನ ಗುಂಪಿನಲ್ಲಿ 'ಫೋಟೋ ಹಾಕ್ರಿ ಬಾಳವ್ವಾರ' ಎಂದು ಒಬ್ಬರ ಮೇಲೊಬ್ಬರು ಬರೆದರು. ಬಾಳವ್ವ ಕೈಮುಗಿಯುವ ಚಿತ್ರ ಹಾಕಿ ಸುಮ್ಮನಾದಳು.

ಒಂದು ಭಾನುವಾರ ಮರಿ ಗೂಡಿನ ಅಂಚಿಗೆ ಹತ್ತಿತು. ಬಳ್ಳಿಯಿಂದ ಗ್ರಿಲ್ಲಿಗೆ ಹಾರಿ, ಜಾರಿ, ಮತ್ತೆ ಹಿಡಿದುಕೊಂಡಿತು. ತಾಯಿ ಎದುರಿನ ಬೇವಿನ ಗಿಡದಿಂದ ಕರೆಯಿತು. ಮರಿ ಒಮ್ಮೆ ಮೈ ಕುಗ್ಗಿಸಿ, ಗಾಳಿಗೆ ಬಿದ್ದಂತೆ ಬಿದ್ದು, ಮೇಲೆದ್ದು ಬೇವಿನ ಕೆಳಗಿನ ಟೊಂಗೆಯನ್ನು ಮುಟ್ಟಿತು. ಎದುರುಮನೆಯ ಅಂಗಳದಲ್ಲಿ ಹುಸೇನಬಿ ಕಾಳು ಹಸನು ಮಾಡುತ್ತ ಕೂತಿದ್ದಳು. ಬಾಳವ್ವನ ಬಾಯಿತುಂಬ ಅವಳ ಹೆಸರು ಬಂತು. ಸೆರಗನ್ನು ಬಾಯಿಗೆ ಒತ್ತಿ ಹಿಡಿದಳು. ಅದನ್ನು ಕಂಡು ಆರತಿಗೆ ನಗು ತಡೆಯಲಾಗಲಿಲ್ಲ. ಬಹಳ ತಿಂಗಳ ಮೇಲೆ ಅವಳು ಹಾಗೆ ನಕ್ಕಿದ್ದಳು.

ಜೂನಿನ ಮೊದಲ ವಾರ ಅಮ್ಮಿನಬಾವಿಯಿಂದ ಬಾಳವ್ವನ ಅಕ್ಕ ಬೀರವ್ವ ಬಂದಳು. ತಂದ ಆಪೂಸ ಮಾವಿನಹಣ್ಣಿನ ಚೀಲ ಇಳಿಸಿ, ನೀರು ಕುಡಿದು, ಕಾಲು ಚಾಚಿ ಕೂತವಳೇ ಆರತಿಯನ್ನು ಕರೆದಳು.

"ಹತ್ರ ಬಾರವಾ, ನೋಡೋಣು. ಏನರ ವಿಶೇಷ ಐತೋ ಇಲ್ಲೋ? ಕಲಘಟಗಿ ಕಡೆ ಒಬ್ಬರು ದೇವರು ಹೇಳತಾರಂತ. ಬರೂ ಅಮಾಸಿಗಿ ಹೋಗಿಬರೂನು. ನಿಮ್ಮ ದವಾಖಾನಿ ಖರ್ಚಿನ್ಯಾಗೇನೂ ಹುರುಳಿಲ್ಲ."

ಆರತಿಯ ಮುಖ ಎಂದಿನಂತೆ ನಗಲು ಅಣಿಯಾಗುತ್ತಿತ್ತು. ಅಷ್ಟರಲ್ಲಿ ಬಾಳವ್ವ ಹೇಳಿದಳು: "ಯಕ್ಕಾ, ಆ ಮಾತು ಬಿಡು."

"ಯಾಕ ಬಿಡಬೇಕು? ನಾವು ಕೇಳದ ಮತ್ತ್ಯಾರು ಕೇಳತಾರ? ಮನಿ ಮಂದೀನ ಸುಮ್ಮನ ಕುಂತ್ರ ಹೆಂಗ?"

"ಕೇಳಿದವರಿಗಿ ಹಗುರಾಗ್ತೈತಿ ಯಕ್ಕಾ. ಹೇಳೂ ಮುಂದ ಅಕಿಗೆ ಭಾರ ಆಗ್ತೈತಿ. ಅಕಿಗೆ ಹೇಳಬೇಕನಿಸಿದ್ರ ಅಕೀನ ಹೇಳತಾಳ."

ಬೀರವ್ವ ಸೆಟೆದು ಕೂತಳು. "ನನಗೂ ಹತ್ತು ವರ್ಷ ಮಕ್ಕಳಾಗಿರಲಿಲ್ಲ. ಊರಾಗ ಕೇಳದ ಬಾಯಿಲ್ಲ. ನಾ ಏನ್ ಸತ್ನೇನು?"

"ಸಾಯಲಿಲ್ಲ," ಎಂದಳು ಬಾಳವ್ವ. ದನಿ ಮೆತ್ತಗಿತ್ತು. "ಆದ್ರ ಆ ಹತ್ತು ವರ್ಷದಾಗ ನೀ ಯಾರ ಮನಿ ತೊಟ್ಲದ ಕಾರ್ಯಕ್ಕೂ ಬರಲಿಲ್ಲ. ನನ್ನ ಶಂಭುನ ತೊಟ್ಲಕ್ಕೂ ಬರಲಿಲ್ಲ. ಜ್ವರಾ ಬಂದಾವು ಅಂತ ಹೇಳಿ ಕಳಿಸಿದ್ದಿ. ನಾ ಎಷ್ಟು ದಿವಸ ನಿನ್ನ ಮ್ಯಾಲ ಸಿಟ್ಟಾಗಿದ್ದೆ, ನೆನಪೈತಿಲ್ಲೋ? ಜ್ವರಾ ಬಂದಿದ್ದಿಲ್ಲ ನಿನಗ."

ಬೀರವ್ವ ಮುಖ ತಿರುಗಿಸಿ ಬಾಗಿಲಾಚೆ ನೋಡಿದಳು.  ತಿರುಗದೆಯೇ, "ಬಂದಿದ್ದಿಲ್ಲ," ಎಂದಳು. ಆಮೇಲೆ ಚೀಲದಲ್ಲಿ ಕೈಯಾಡಿಸಿ, ಒತ್ತಿ ನೋಡಿ, ಎಲ್ಲಕ್ಕಿಂತ ಮಾಗಿದ ಒಂದು ಹಣ್ಣು ಆರಿಸಿ ಆರತಿಯ ಕೈಗಿಟ್ಟಳು. "ತಗೋ ಯವ್ವಾ. ಊಟಾದ ಮ್ಯಾಲ ತಿನ್ನು. ಈ ಸಲ ಮಳಿ ಕಡಿಮಿ, ಹಣ್ಣು ಬಾಳ ಸಿಹಿ ಆಗ್ಯಾವು."

ಸಂಜೆ ಅಕ್ಕನನ್ನು ಬಸ್ಸು ಹತ್ತಿಸಿ ಬಂದ ಬಾಳವ್ವ ಅಡುಗೆಮನೆಯಲ್ಲಿ ರೊಟ್ಟಿಗೆ ಹಿಟ್ಟು ನಾದುತ್ತಿದ್ದಳು. ಆರತಿ ಬಂದು ಪಕ್ಕದಲ್ಲಿ ನಿಂತಳು. ನೀರಿನ ತಂಬಿಗೆಯನ್ನು ಅತ್ತೆಯ ಕೈಗೆ ಎಟಕುವಂತೆ ಸರಿಸಿದಳು.

"ಅತ್ತಿ, ನಾಳಿ ಡಾಕ್ಟರ್ ಕಡೆ ಹೋಗೂದೈತಿ. ಇವರಿಗಿ ರಜಾ ಇಲ್ಲ. ನಾ ಒಬ್ಬಾಕೀನ ಹೋಗಬೇಕು ಅಂತ ಮಾಡಿದ್ದೆ." ತಂಬಿಗೆಯಿಂದ ಕೈ ತೆಗೆಯದೆ ಕೇಳಿದಳು. "ನೀವು ಬರತೀರೇನ್ರಿ?"

ಆರು ವರ್ಷದಲ್ಲಿ ಒಂದು ಸಲವೂ ಅವಳು ಹಾಗೆ ಕರೆದಿರಲಿಲ್ಲ. ಬಾಳವ್ವ ಹಿಟ್ಟಿನ ಕೈಯನ್ನು ಎತ್ತಿದವಳು ಎಲ್ಲಿಡಬೇಕೆಂದು ತಿಳಿಯದೆ ಮತ್ತೆ ಹಿಟ್ಟು ನಾದುವ ಪರಾತಿಗೇ ಇಟ್ಟಳು. "ಬರತೇನಿ," ಎಂದಳು. ಇನ್ನೇನೋ ಕೇಳಬೇಕೆನಿಸಿತು. ಕೇಳಲಿಲ್ಲ.

ಮರುದಿನ ಇಬ್ಬರೂ ಗೇಟು ದಾಟಿ ಹೊರಬಿದ್ದಾಗ ಹುಸೇನಬಿ ಎದುರಿನ ಕಟ್ಟೆಯ ಮೇಲೆ ಮೊಮ್ಮಗಳಿಗೆ ಜಡೆ ಹಾಕುತ್ತಿದ್ದಳು.

"ಎಲ್ಲಿಗಿ ಹೊಂಟ್ರಿ ಅಕ್ಕಾರ, ಸೊಸೀನ ಕರಕೊಂಡು?"

"ಹುಬ್ಬಳ್ಳಿಗಿ," ಎಂದಳು ಬಾಳವ್ವ.

ಹುಸೇನಬಿ ಬಾಚಣಿಗೆ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ ಮುಂದಿನ ಮಾತಿಗೆ ಕಾದಳು. ಅದು ಬರಲಿಲ್ಲ. ಬಾಳವ್ವ ಸೆರಗು ಸರಿಮಾಡಿಕೊಂಡು, ರಾತ್ರಿ ಬಿದ್ದ ಮಳೆಗೆ ಜಾರುತ್ತಿದ್ದ ಹಾದಿಯಲ್ಲಿ ಸೊಸೆಯ ತೋಳು ಹಿಡಿದು, ಬಸ್‌ಸ್ಟಾಪಿನ ಕಡೆ ನಡೆದಳು.

ಹುಸೇನಬಿ ಅವರ ಬೆನ್ನನ್ನೇ ನೋಡಿದಳು. ಮೆಲ್ಲಗೆ ತಲೆಯಾಡಿಸಿದಳು. "ಹೋಗಿ ಬರ್ರಿ, ಛಲೋ ಆಗ್ಲಿ," ಎಂದು ತನ್ನಷ್ಟಕ್ಕೇ ಅಂದುಕೊಂಡು ಮತ್ತೆ ಜಡೆಗೆ ಕೈಹಚ್ಚಿದಳು.